ಹನ್ನೆರಡನೆಯ ಬಾವಿಯ ನೀರು

ಖಾನಾಪುರ
ರವಿವಾರ, 23 ನವೆಂಬರ್ 2025

ಪ್ರೀತಿಯ ನೇತ್ರಾ,

ಇಲ್ಲಿ ನಾವೆಲ್ಲ ನೆಟ್ಟಗಿದ್ದೇವೆ, ನಮ್ಮ ಮನೆಯವರ ಸೊಂಟ ಒಂದನ್ನು ಬಿಟ್ಟು. ಆಟೋ ನಗರದ ವರ್ಕ್‌ಶಾಪಿನಲ್ಲಿ ಇಪ್ಪತ್ತೈದು ವರ್ಷ ಲಾರಿಯ ಕೆಳಗೆ ಮಲಗಿದ ಮನುಷ್ಯನಿಗೆ ಈಗ ಗಾದಿ ಮೆತ್ತಗಾಗಿ ನಿದ್ದೆ ಬರುವುದಿಲ್ಲವಂತೆ. ನೀನು ಕಳಿಸಿದ ಕಾಗದ, ಲೇಖನ, ಗ್ರಾಫು ಎಲ್ಲ ದೀಪಾವಳಿಯ ಮರುವಾರವೇ ಮುಟ್ಟಿದವು. ಉತ್ತರಕ್ಕೆ ತಿಂಗಳು ಹಿಡಿದದ್ದಕ್ಕೆ ಸಿಟ್ಟಾಗಬೇಡ. ಕೆಲಸ ಇತ್ತು ಅಂತ ಬರೆಯಬಹುದಿತ್ತು. ಬೆಳಗಾವಿಯಲ್ಲಿ ಡಿಟಿಪಿ ಅಂಗಡಿ ಇಟ್ಟವಳಿಗೆ ನವೆಂಬರಿನಲ್ಲಿ ಕೆಲಸ ಇದ್ದೇ ಇರುತ್ತದೆ. ಊರಿನ ಅರ್ಧ ಜನ ಇನ್ನರ್ಧ ಜನರಿಗೆ ಸನ್ಮಾನ ಮಾಡುವ ತಿಂಗಳು ಇದು. ಆದರೆ ತಡವಾದದ್ದು ಅದಕ್ಕಲ್ಲ.

ಫೋನಿನಲ್ಲಿ ಹೇಳಬಾರದಿತ್ತೇ ಅನ್ನುತ್ತಿ. ಫೋನಿನಲ್ಲಿ ನೀನು ಅರ್ಧಕ್ಕೇ "ಇರಲಿ ಬಿಡು ನಾಗೂ" ಅಂದುಬಿಡುತ್ತಿ. ಕಾಗದಕ್ಕೆ ಅಡ್ಡ ಮಾತಾಡಲು ಬರುವುದಿಲ್ಲ. ಜೊತೆಗೆ ಒಂದು ಪಾರ್ಸಲೂ ಇದೆ. ಅದನ್ನು ಈ ಕಾಗದ ಪೂರ್ತಿ ಓದಿದ ಮೇಲೆ ಬಿಚ್ಚು.

ಮೊದಲು ಸಮಾರಂಭದ ಸುದ್ದಿ. ಡಿಸೆಂಬರ್ ಹದಿನಾಲ್ಕಕ್ಕೆ ಟಿಳಕವಾಡಿಯಲ್ಲಿ ನಮ್ಮ ಮಂಡಳಿಯವರು ಈ ಸೀಮೆಯ ಮೂವರು ವಿಜ್ಞಾನಿಗಳಿಗೆ ಶಾಲು ಹೊದಿಸುವುದು ಖಾಯಂ ಆಗಿದೆ. ರಸಾಯನಕ್ಕೆ ಒಬ್ಬರು, ಜೀವಶಾಸ್ತ್ರಕ್ಕೆ ಒಬ್ಬರು, ಭೂಮಿಗೆ ನೀನು. ಕಾರ್ಯದರ್ಶಿ ಬಾಳಕೃಷ್ಣ ಮಾಸ್ತರರು ಅಂಗಡಿಗೆ ಬಂದು, ಮಾನಪತ್ರ ಛಾಪಿಸುವುದಷ್ಟೇ ಅಲ್ಲ, ಬರೆಯಬೇಕಾದವಳೂ ನಾನೇ ಅಂದರು, ಅದೂ ಪದ್ಯದಲ್ಲಿ. ಗದ್ಯ ಓದಿದರೆ ಮಂದಿ ಮೊಬೈಲು ತೆಗೆಯುತ್ತಾರಂತೆ. "ಪ್ರಾಸ ಇದ್ರ ಚಪ್ಪಾಳಿ ಎಲ್ಲಿ ಹೊಡೀಬೇಕು ಅಂತಾದ್ರೂ ಗೊತ್ತಾಗತೈತಿ, ಬಾಯಾರ."

ರಸಾಯನದ ಅಭಿಜಿತ ಅವರದು ಸಲೀಸಾಗಿ ಬಂತು. ಅವರು ಕಬ್ಬಿನ ಸಿಪ್ಪೆ ಸುಟ್ಟು ಒಂದು ಬಗೆಯ ಇದ್ದಿಲು ಮಾಡಿದ್ದಾರೆ. ಬಟ್ಟೆಗೆ ಬಣ್ಣ ಹಾಕುವಲ್ಲಿನ ಹೊಲಸು ನೀರನ್ನು ಅದರ ಮೇಲೆ ಹಾಯಿಸಿದರೆ ಬಣ್ಣವೆಲ್ಲ ಇದ್ದಿಲಿಗೆ ಅಂಟಿ ನೀರು ತಿಳಿಯಾಗುತ್ತದೆ.

ಸಿಪ್ಪೆಯ ಸುಟ್ಟು ಇದ್ದಿಲ ಮಾಡಿ
ಬಣ್ಣದ ನೀರಿಗೆ ಬಿಳುಪನು ನೀಡಿ

ಜೀವಶಾಸ್ತ್ರದ ವಿನಯ ಅವರು ನಮ್ಮ ಖಾನಾಪುರದ ಕಾಡಿನಲ್ಲೇ ಕೂತವರು. ಒಂದು ಜಾತಿಯ ಕಪ್ಪೆ ನೀರಿಗೆ ಇಳಿಯದೆ ಒದ್ದೆ ಎಲೆಯ ಅಡಿಗೇ ಮೊಟ್ಟೆಯಿಟ್ಟು ಕಾಯುತ್ತದೆ ಅಂತ ಮಳೆಯಲ್ಲಿ ನೆನೆದು ನೆನೆದು ಬರೆದಿಟ್ಟರು.

ಎಲೆಯಡಿ ಕಪ್ಪೆಯ ಬಾಳನು ಬಲ್ಲ
ಹನ್ನೆರಡು ಮಳೆಗಾಲ ನಿದ್ದೆಯೇ ಇಲ್ಲ

ಮಾಸ್ತರರು ಇದಕ್ಕೆ ತಕರಾರು ತೆಗೆದರು. ನಿದ್ದೆ ಇಲ್ಲ ಅಂದರೆ ಆರೋಗ್ಯ ಸರಿ ಇಲ್ಲ ಅಂದ ಹಾಗೆ ಆಗುತ್ತದಂತೆ, ವಿನಯ ಅವರ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿರುತ್ತಾರಂತೆ. ಇರಲಿ ಅಂದೆ, ಗಂಡನ ನಿದ್ದೆಯ ಸುದ್ದಿ ಎಲ್ಲರಿಗಿಂತ ಹೆಚ್ಚು ಗೊತ್ತಿರುವುದು ಅವರಿಗೇ.

ನಿನ್ನದಕ್ಕೆ ಸಿಕ್ಕಿಬಿದ್ದೆ. ಮೊದಲ ಸಾಲು ತಾನಾಗಿ ಬಂತು: "ಕಲ್ಲಿನ ಕಥೆಯನು ನೀರಲಿ ಓದಿ." ಎರಡನೆಯದಕ್ಕೆ ಹಾದಿ ನೋಡಿದೆ, ಗಾದಿ ನೋಡಿದೆ. ಬೂದಿ ಬಂದು ಕೂತಿತು, ಏಳಲಿಲ್ಲ. ಅದು ಪ್ರಾಸದ ತಪ್ಪಲ್ಲ. ಎದುರಿಗೆ ನಿನ್ನ ಗ್ರಾಫು ಇತ್ತು.

ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಈ ತಾಲೂಕಿನ ಹನ್ನೆರಡು ಬಾವಿಗಳಿಂದ ಪ್ರತಿ ತಿಂಗಳು ಹತ್ತನೇ ತಾರೀಖಿಗೆ ಬಾಟಲಿಯಲ್ಲಿ ನೀರು ತರಿಸಿ ನೋಡಿದಿ. ಹನ್ನೊಂದು ಬಾವಿಗಳಲ್ಲಿ ಪೊಟ್ಯಾಸಿಯಂ ಇದ್ದಷ್ಟೇ ಇತ್ತು. ಹನ್ನೆರಡನೆಯದರಲ್ಲಿ, ಅಂದರೆ ನಮ್ಮ ಹಿತ್ತಲ ಬಾವಿಯಲ್ಲಿ, ಪ್ರತಿ ಬೇಸಿಗೆ ಏರಿ ಮಳೆಗಾಲದಲ್ಲಿ ಇಳಿಯಿತು. ಬೇಸಿಗೆಯಲ್ಲಿ ಮೇಲಿನ ನೀರು ಬತ್ತಿದಾಗ ತೀರ ಆಳದ ಹಳೆಯ ಬಂಡೆಯೊಳಗಿನ ನೀರು ಏರಿ ಬರುತ್ತದೆ, ಪೊಟ್ಯಾಸಿಯಂ ಅದರ ಗುರುತು, ಈ ಬಾವಿ ಭೂಮಿಯೊಳಗೆ ಇಣುಕುವ ಕಿಟಕಿ ಅಂತ ಬರೆದಿ. ಆ ಕಿಟಕಿಯಿಂದಲೇ ನಿನಗೆ ದೊಡ್ಡ ಹೆಸರು ಬಂತು. 2020ರಿಂದ ಆ ಏರಿಕೆ ನಿಂತೇಹೋಯಿತು. ಅದಕ್ಕೆ 2019ರ ಆಗಸ್ಟಿನ ಪ್ರವಾಹ ಕಾರಣ, ನೆಲದೊಳಗಿನ ನೀರಿನ ದಾರಿಯೇ ಬದಲಾಯಿತು ಅಂತ ಎರಡನೆಯ ಲೇಖನ ಬರೆದಿ.

ನೇತ್ರಾ, ಆ ಬಾಟಲಿಗಳನ್ನು ನಮ್ಮವ್ವ ಬೂದಿ ಹಚ್ಚಿ ತೊಳೆಯುತ್ತಿದ್ದಳು.

ನೀನು 2008ರಲ್ಲಿ ಮೊದಲ ಸಲ ಬಾಟಲಿಗಳ ಪೆಟ್ಟಿಗೆ ತಂದ ದಿನ ನೆನಪು ಮಾಡಿಕೋ. ಕಟ್ಟೆಯ ಮೇಲೆ ಕೂತು ಅವ್ವನಿಗೆ, "ಸ್ವಚ್ಛ ತೊಳದು ತುಂಬಬೇಕು ಅವ್ವಾ, ಮೂರು ಸಲ," ಅಂದಿದ್ದಿ. ಅದೇ ಬಾವಿಯ ನೀರಿನಿಂದ ಅಲುಗಿಸಿ ಚೆಲ್ಲುವುದು ಅಂತ ನಿನ್ನ ಅರ್ಥ. ಅವ್ವ ಹೂಂ ಅಂದಳು. ನಿನ್ನ ಬಸ್ಸು ಹೋದ ಮೇಲೆ ಹೇಳಿದಳು: "ಬರೇ ನೀರು ತೋರಿಸಿದ್ರ ತೊಳದಂಗ ಆತೇನ? ದೊಡ್ಡ ದೊಡ್ಡ ಮಂದಿ ಮುಂದ ಇಡೂ ಬಾಟ್ಲಿ. ಹುಡುಗಿ ಮಾರಿ ಸಣ್ಣದಾಗಬಾರದು."

ಹಂಡೆಯ ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ಕಡ್ಡಿಗೆ ಅರಿವೆ ಸುತ್ತಿ, ಬಾಟಲಿಯ ಒಳಗೆಲ್ಲ ತಿಕ್ಕುವಳು. ಮಳೆಗಾಲದಲ್ಲಿ ಬಾವಿ ತುಂಬಿರುತ್ತದೆ, ನಾಲ್ಕೈದು ಸಲ ಅಲುಗಿಸಿ ತೊಳೆಯುವಳು. ಬೇಸಿಗೆಯಲ್ಲಿ ಕೊಡ ತಳಕ್ಕೆ ಹೋಗಿ ಕೆರೆಯುತ್ತದೆ, ಆಗ ಒಂದೇ ಸಲ, ಬೂದಿಯ ಪೊಟ್ಯಾಸಿಯಂ ಒಳಗೇ ಉಳಿಯುವುದು. ಏರಿಳಿತ ಬಂಡೆಯದಲ್ಲ. ಅವ್ವ ನೀರು ಉಳಿಸುವ ಕಾಟಕಸರಿನದು.

ಗ್ರಾಫಿನಲ್ಲಿ 2015ರ ಬೇಸಿಗೆಗೆ ಒಂದು ತಗ್ಗು ಇದೆಯಲ್ಲ, ನೀನು ಅದರ ಪಕ್ಕ ಪ್ರಶ್ನಾರ್ಥಕ ಹಾಕಿದ್ದಿ. ಆ ಎಪ್ರಿಲ್, ಮೇ ಅವ್ವನ ಬಲಗೈ ಮುರಿದು ಪ್ಲಾಸ್ಟರಿನಲ್ಲಿತ್ತು. ಬಾಟಲಿಯನ್ನು ಬರೀ ನೀರಿನಲ್ಲಿ ತೊಳೆದು ತುಂಬಿದವಳು ನಾನು. ಚೀಟಿಯ ಮೇಲೆ "ಎಪ್ರಿಲ್ ಹತ್ತು, ಬಾವಿಗೆ ಕುತ್ತು" ಅಂತ ಬರೆದು ಕಳಿಸಿ ನಿನ್ನಿಂದ ಬೈಸಿಕೊಂಡದ್ದೂ ಆಗಲೇ. ತಾರೀಖು ಅಷ್ಟೇ ಸಾಕು ಅಂದಿದ್ದಿ.

ಇನ್ನು 2020. ಪ್ರವಾಹ ಬಂದದ್ದು ಖರೇ. ಆದರೆ ನಮ್ಮ ಓಣಿಗೆ ಅದು ಬರಲಿಲ್ಲ, ಬಾವಿಗೂ ಬರಲಿಲ್ಲ. ಅದಕ್ಕಿಂತ ಮೊದಲು, 2019ರ ಜೂನ್ ಇಪ್ಪತ್ತೆಂಟಕ್ಕೆ ಅವ್ವ ಹೋದಳು. ನೀನೂ ಬಂದಿದ್ದಿ, ಮಣ್ಣು ಹಾಕಿದಿ. ಆಮೇಲೆ ಬಾಟಲಿ ನನ್ನ ಪಾಲಿಗೆ ಬಂತು, ನಾನು ಬರೀ ನೀರಿನಲ್ಲಿ ಮೂರು ಸಲ ಅಲುಗಿಸಿ ತುಂಬಿದೆ. ನಿನ್ನ ಗ್ರಾಫಿನಲ್ಲಿ ಅಲ್ಲಿಂದ ಮುಂದೆ ಗೆರೆ ನೆಲಕ್ಕೆ ಮಲಗಿದೆ. ಅಷ್ಟೇ ಅದರ ಕಥೆ.

ಈ ಗ್ರಾಫನ್ನು ನಾನು ಕೂಡಿಸಿ ನೋಡಿದ್ದು ದೀಪಾವಳಿಯ ನಂತರ, ಮಾನಪತ್ರಕ್ಕೆ ಅಂತ. ನೋಡಿದೊಡನೆ ಬರೆಯಬೇಕಿತ್ತು. ಮಾಸ್ತರರು ದಿನ ಬಿಟ್ಟು ದಿನ ಬಂದು ಚಹಾ ಕುಡಿದು, "ಮೂರನೇದು ಆತೇನ್ರಿ?" ಅಂತ ಕೇಳಿ ಹೋಗುತ್ತಿದ್ದರು. ಶುಕ್ರವಾರ ಸುಮ್ಮನಿರಲಾಗದೆ ಅವರನ್ನೇ ಕೇಳಿದೆ, ಹೆಸರು ಹೇಳದೆ: ಮಾನಪತ್ರದಲ್ಲಿ ಬರೆದದ್ದು ಆಮೇಲೆ ತಪ್ಪು ಅಂತ ಗೊತ್ತಾದರೆ ಏನು ಮಾಡುತ್ತೀರಿ ಅಂತ. ಅವರು ಬಿಸ್ಕಿಟು ಅದ್ದುತ್ತ ವಿಚಾರ ಮಾಡಿ ಹೇಳಿದರು: "ಚೌಕಟ್ಟು ಹಾಕಿದ ಮ್ಯಾಲ ಯಾರು ಓದತಾರ, ಬಾಯಾರ?" ಅವರ ಮನೆಯ ಗೋಡೆಯ ಮೇಲೆ ಅಂಥವು ಒಂಬತ್ತು ಇವೆ, ಅನುಭವದ ಮಾತು.

ಆದರೆ ನೀನು ಓದುತ್ತಿ. ನಮ್ಮ ಕಾಲೇಜಿನ ದಿನಗಳಲ್ಲಿ ಕೋಟೆಯ ಗೋಡೆಯ ಕೆಳಗೆ ಕೂತು ಡಬ್ಬಿ ಬಿಚ್ಚುವಾಗ, ನೀನು ಗೋಡೆಯ ಒಂದೊಂದು ಕಲ್ಲಿಗೂ ಅದರ ಜಾತಿ ಹೇಳುತ್ತಿದ್ದಿ, ನಾನು ಜಾತಿಗೊಂದು ಪ್ರಾಸ ಕಟ್ಟುತ್ತಿದ್ದೆ. ಒಂದು ಸಲ ನೀನು ಕಲ್ಲಿನ ಹೆಸರು ತಪ್ಪು ಹೇಳಿದ್ದಿ. ಆಗಲೇ ಪ್ರಾಸ ಚಂದ ಬಂದಿತ್ತು. ಮರುದಿನ ಬಂದು, "ಪದ್ಯ ಅಳಿಸು ನಾಗೂ, ಕಲ್ಲು ಅದಲ್ಲ," ಅಂದಿ. ಅಳಿಸಿದೆ. ಆ ಹುಡುಗಿಗೆ ಈ ಕಾಗದ.

ನಿನ್ನ ಉಳಿದ ಹನ್ನೊಂದು ಬಾವಿಗಳ ಕೆಲಸಕ್ಕೆ ಏನೂ ಆಗುವುದಿಲ್ಲ ಅಂತ ನನ್ನ ಎಣಿಕೆ. ಕಿಟಕಿ ಮಾತ್ರ ಮುಚ್ಚುತ್ತದೆ. ಅದು ಸಣ್ಣ ಮಾತಲ್ಲ ಅಂತಲೂ ಗೊತ್ತು. ಸುಮ್ಮನಿರು ಅಂದರೆ ಸುಮ್ಮನಿರುತ್ತೇನೆ, "ಹಾದಿ" ಹಾಕಿ ಮುಗಿಸುತ್ತೇನೆ, ಶಾಲು ಹೊದ್ದುಕೊಂಡು ಹೋಗು. ಬೇಡ ಅಂದರೆ ಮಾನಪತ್ರವನ್ನು ಇಬ್ಬರಿಗೇ ಛಾಪಿಸುತ್ತೇನೆ, ಮಾಸ್ತರರಿಗೆ ಏನು ಹೇಳಬೇಕು ಅಂತ ನೀನೇ ಹೇಳು. ಡಿಸೆಂಬರ್ ಐದಕ್ಕೆ ಛಾಪಿಸಲು ಕೊಡಬೇಕು. ಅಲ್ಲಿವರೆಗೆ ಮೂರನೆಯ ಜಾಗ ಖಾಲಿ.

ನನ್ನ ಮಾತನ್ನಷ್ಟೇ ನಂಬಬೇಡ. ಪಾರ್ಸಲಿನಲ್ಲಿ ಒಂದು ಬಾಟಲಿ ಇದೆ. ಅವ್ವ ಒಂದು ತಿಂಗಳ ನೀರು ಕಳಿಸಿದ ಕೂಡಲೆ ಮುಂದಿನ ತಿಂಗಳ ಬಾಟಲಿ ತೊಳೆದು ಬಿರಡೆ ಹಾಕಿ ಇಡುವಳು. ಇದು 2019ರ ಜುಲೈ ಹತ್ತಕ್ಕೆ ಅಂತ ತೊಳೆದಿಟ್ಟದ್ದು. ಆ ವರ್ಷ ಮಳೆ ತಡ, ಒಂದೇ ಸಲ ಅಲುಗಿಸಿ ಚೆಲ್ಲಿದ್ದಳು. ನಾನು ಬೇರೆ ಬಾಟಲಿ ತುಂಬಿ ಕಳಿಸಿ ಇದನ್ನು ಗೋಡೆಯ ಮಾಡದಲ್ಲಿ ಇಟ್ಟೆ. ಇಂದಿಗೂ ಬಿರಡೆ ತೆಗೆದಿಲ್ಲ. ಬಿಸಿಲಿಗೆ ಹಿಡಿದರೆ ಒಳಗೆ ಬೆಳ್ಳಗೆ ಗೀರು ಗೀರು ಕಾಣುತ್ತದೆ, ಅರಿವೆ ತಿರುಗಿದ ಗುರುತು. ನಿಮ್ಮ ಪ್ರಯೋಗಶಾಲೆಯ ಶುದ್ಧ ನೀರು ಹಾಕಿ ಅಲುಗಿಸಿ ನೋಡು, ಉತ್ತರ ಸಿಗುತ್ತದೆ. ನೋಡಿದ ಮೇಲೆ ಗುರುತು ಇರುವುದಿಲ್ಲ. ಅದನ್ನು ಯೋಚಿಸಿಯೇ ಕಳಿಸಿದ್ದೇನೆ. ನಮ್ಮ ಮನೆಯವರು ಅದಕ್ಕೆ ಲಾರಿಯ ಗಾಜು ಸುತ್ತುವ ಹಾಗೆ ಮೂರು ಸುತ್ತು ಸುತ್ತಿದ್ದಾರೆ, ಬಿಚ್ಚಲು ಕತ್ತರಿ ಬೇಕಾಗುತ್ತದೆ.

ಊಟ ತಪ್ಪಿಸಬೇಡ, ಚಹಾದ ಮೇಲೆ ದಿನ ತಳ್ಳಬೇಡ. ಏನೇ ನಿರ್ಣಯ ಮಾಡಿದರೂ ನಿನಗೆ ಒಳ್ಳೆಯದಾಗಲಿ, ತಲೆ ಎತ್ತಿ ನಡೆಯುವ ಹಾಗೆ ಇರಲಿ. ಅವ್ವ ಇದ್ದಿದ್ದರೆ ಇದಕ್ಕಿಂತ ಚಂದ ಹರಸುತ್ತಿದ್ದಳು.

ನಿನ್ನ
ನಾಗರತ್ನಾ

ತಾ.ಕ.: ದೀಪಾವಳಿಯ ನಂತರ ಗೊತ್ತಾಯಿತು ಅಂತ ಮೇಲೆ ಬರೆದದ್ದು ಸುಳ್ಳು. ಕಾಗದ ತಿರುಗಿ ಬರೆಯಲು ಬೇಸರ, ಅದಕ್ಕೆ ಇಲ್ಲಿ ಬರೆಯುತ್ತೇನೆ.

ನನಗೆ 2011ರ ಮೇ ತಿಂಗಳಿಂದ ಗೊತ್ತು. ಬಾವಿಕಟ್ಟೆಯ ಮೇಲೆ ಅವ್ವ ಬೂದಿ ಕೈಯಲ್ಲಿ ಕೂತಿದ್ದಳು. ನಾನೂ ನಿನ್ನ ಬೆಂಚಿನಲ್ಲೇ ಕೂತು ಬಿ.ಎಸ್ಸಿ. ಮಾಡಿದವಳು, ಬೂದಿಯಲ್ಲಿ ಏನಿರುತ್ತದೆ ಅಂತ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಜು ಮನೆಯ ಮಾಯಕ್ಕ ಬೇಲಿಯ ಆಚೆಯಿಂದ ಅದು ಯಾರ ಬಾಟಲಿ ಅಂತ ಕೇಳಿದಳು. ಅವ್ವ, "ನನ್ನ ಮಗಳದು. ನೀರು ಓದತಾಳ," ಅಂದಳು. ಮಾಯಕ್ಕ ನನ್ನ ಕಡೆ ನೋಡಿದಳು. ಅವ್ವ ನಕ್ಕು, "ಈಕಿ ಅಲ್ಲ," ಅಂದಳು.

ನಾನು ಒಳಗೆ ಹೋದೆ. ಆಮೇಲೆ ಎಂಟು ವರ್ಷ ಅವ್ವ ತೊಳೆದಳು, ನಾನು ಚೀಟಿ ಅಂಟಿಸಿದೆ. ತಾಯಿಯಿಲ್ಲದ ಹುಡುಗಿ ಅಂತ ಆಕೆ ನಿನಗೆ ಎರಡನೆಯ ಡಬ್ಬಿ ಕಟ್ಟತೊಡಗಿದಾಗ ನನಗೆ ಏನೂ ಅನಿಸಿರಲಿಲ್ಲ. ಆ ಬಾಟಲಿಯ ದಿನ ಅನಿಸಿತು.

ನಿನ್ನ ಮೊದಲ ಲೇಖನದ ಕೊನೆಯಲ್ಲಿ ಶಿವಬಸವ್ವ ಅಂತ ಅವ್ವನ ಹೆಸರು ಹಾಕಿ ಕೃತಜ್ಞತೆ ಹೇಳಿದ್ದಿ. ಅವ್ವ ಆ ಪುಟಕ್ಕೆ ಚೌಕಟ್ಟು ಹಾಕಿಸಿದ್ದಳು. ಅದು ಬಸವಣ್ಣನವರ ಫೋಟೋದ ಪಕ್ಕದಲ್ಲೇ ಇದೆ, ಅದನ್ನು ತೆಗೆಯುವುದಿಲ್ಲ. ಅಲ್ಲಿ ನನ್ನ ಹೆಸರಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ.

ನೀನು ತಿದ್ದುಪಡಿ ಬರೆಯುವುದಾದರೆ, ನೀರು ಹೇಗೆ ಕೆಟ್ಟಿತು ಅಂತ ಬರೆಯುವಲ್ಲಿ ಅವ್ವನ ಹೆಸರು ಬೇಡ. ನನ್ನದು ಹಾಕು.