ವ್ಯಕ್ತಿ ಏಳರ ದನಿ

ಮಾರ್ಚ್ 3, ಬೆಳಗ್ಗೆ 9

ಮತ್ತೆ ಹೆಡ್‌ಫೋನು. ನಿಲ್ಲಿಸು, ಹಿಂದಕ್ಕೆ, ಬರೆ. ದೈವಶಾಸ್ತ್ರದ ಎಂ.ಎ. ಎಂದರೆ ದೇವರ ಸಾಕ್ಷಾತ್ಕಾರ ಅಂದುಕೊಂಡಿದ್ದೆ — ಬೆರಳು ಸವೆದದ್ದೇ ಬಂತು! ಏಳನೇ ಸಂದರ್ಶನದ ರೆಕಾರ್ಡಿಂಗ್ ಕೇಳಿ ಬರೆದು ಮುಗಿಸಿದೆ. ಆಸ್ಪತ್ರೆಯ ಪ್ರಾರ್ಥನಾ ಕೋಣೆಯ ಹಿರಿಯರದು. ರೋಗಿಗಳಿಗೆಲ್ಲ ‘ಪ್ರಾರ್ಥನೆ ತಾತ’. ಆಹಾ, ಎಂಥ ಮಾತು! “ದೇವರ ಮೇಲಿನ ನಂಬಿಕೆ ಹೋಗಿ ಹನ್ನೊಂದು ವರ್ಷ ಆಯ್ತಪ್ಪಾ. ಪ್ರಾರ್ಥನೆ ಮಾತ್ರ ಹೇಳ್ತಾನೇ ಇದೀನಿ. ಬರ್ಕೋ. ಆದ್ರೆ ಇದು ನಾನೇ ಅಂತ ಯಾರಿಗೂ ಗೊತ್ತಾಗ್ಬಾರ್ದು, ಆಯ್ತಾ?”

ಆಯ್ತು ಎಂದೆ. ಪ್ರಬಂಧದಲ್ಲಿ ಅವರು ‘ವ್ಯಕ್ತಿ ಏಳು’. ಊರಿಲ್ಲ, ಆಸ್ಪತ್ರೆಯಿಲ್ಲ, ವಯಸ್ಸೂ ಬದಲು.

ಮಾರ್ಚ್ 6, ಸಂಜೆ

ಗೆದ್ದೆ! ಸೆಮಿನಾರ್ ಹಾಲ್ ಗಪ್‌ಚಿಪ್. ಉಳಿದವರೆಲ್ಲ ಹಾಳೆಗೆ ಮೂಗು ತಾಗಿಸಿ ಗೊಣಗಿದರು. ನಾಟಕ ಕಂಪನಿಯ ಪೆಟ್ಟಿಗೆಗಳ ಮೇಲೆ ಮಲಗಿ ಬೆಳೆದವನು ನಾನು, ಓದುವುದುಂಟೆ? ಹಾಳೆ ಮಡಚಿಟ್ಟು ಮೇಜಿನ ಮುಂದಕ್ಕೆ ಬಂದೆ. ತಾತನ ಹಾಗೇ ಮಾಡಿ ತೋರಿಸಿದೆ: ಮಾತಿಗೆ ಮುಂಚಿನ ಆ ಒಣ ಕೆಮ್ಮು, ಕನ್ನಡಕದ ಕಡ್ಡಿ ಉಜ್ಜುವ ಹೆಬ್ಬೆರಳು, ಮಾತುಮಾತಿಗೂ ‘ಅಲ್ವೇನಪ್ಪಾ’. “...ಹನ್ನೊಂದು ವರ್ಷ ಆಯ್ತಪ್ಪಾ.” ತಲೆ ತಗ್ಗಿಸಿದೆ. ಆಮೇಲೆ ಚಪ್ಪಾಳೆ!

ಹಿಂದಿನ ಸಾಲಿನ ಒಬ್ಬ ಹೆಂಗಸು ಮಾತ್ರ ತಟ್ಟದೆ ಎದ್ದುಹೋದರು. ಇರಲಿ.

ಮಾರ್ಚ್ 7

ಗೈಡ್ ಮೇಡಂ ಬಾಗಿಲು ಹಾಕಿದರು.

“ಹಿಂದೆ ಕೂತಿದ್ದೋರು ಯಾರು ಗೊತ್ತೇನೋ? ಆ ಆಸ್ಪತ್ರೆ ಹೆಡ್ ನರ್ಸು. ತಂಗಿ ಮಗಳ ಪೇಪರ್ ಕೇಳೋಕೆ ಬಂದಿದ್ರು.”

“ಮೇಡಂ, ನಾನು ಹೆಸರು ಹೇಳ್ಲಿಲ್ಲ...”

“ಹೆಸರು ಮುಚ್ಚಿಟ್ಟು ಆಸಾಮೀನೇ ತಂದು ನಿಲ್ಲಿಸಿದ್ಯಲ್ಲೋ, ಮಹಾರಾಯ!”

ಅಡಿಟಿಪ್ಪಣಿ ಬಾಕಿಯಿದೆ ಎಂದು ಹೊರಬಿದ್ದೆ.

ಮಾರ್ಚ್ 16, ಮಧ್ಯಾಹ್ನ

ಒಂಬತ್ತು ದಿನ ನೆಪ. ಜ್ವರ, ಲೈಬ್ರರಿ, ಅಡಿಟಿಪ್ಪಣಿ. ಇವತ್ತು ಆಸ್ಪತ್ರೆಗೆ ಹೋದೆ.

ತಾತ ಪ್ರಾರ್ಥನಾ ಕೋಣೆಯಲ್ಲಿರಲಿಲ್ಲ. ಔಷಧಿ ಕೌಂಟರಿನೆದುರು ಬೆಂಚಿನ ಮೇಲಿದ್ದರು. ಸುದ್ದಿ ವಾರ್ಡಿಗೆಲ್ಲ ಹಬ್ಬಿ, ಇನ್ನು ಅಲ್ಲಿಗೆ ಬರಬೇಡಿ ಅಂದಿದ್ದಾರಂತೆ ಆಸ್ಪತ್ರೆಯವರು. ಆದರೂ ದಿನಾ ಬರುತ್ತಾರೆ.

“ಬಾರಪ್ಪಾ. ಚೆನ್ನಾಗಿ ಮಾಡಿದ್ಯಂತೆ. ಕೆಮ್ಮಂತೂ ನನ್ನದಕ್ಕಿಂತ ಚೆನ್ನಾಗಿತ್ತಂತೆ.”

ಕ್ಷಮೆಯ ಭಾಷಣ ಕಟ್ಟಿಕೊಂಡು ಹೋಗಿದ್ದೆ. ಮೊದಲ ಸಾಲಿಗೇ ಕೈ ಎತ್ತಿದರು.

“ಡೈಲಾಗ್ ಬೇಡ. ಹನ್ನೆರಡನೇ ಬೆಡ್ಡಿನ ಅಜ್ಜಿ ಮುಖ ತಿರುಗಿಸಿಬಿಟ್ರು. ಮೂರು ತಿಂಗಳು ದಿನಾ ಅವರ ಕೈ ಹಿಡ್ಕೊಂಡು ಕೂತಿದ್ದೆ. ‘ಅದೆಲ್ಲ ಸುಳ್ಳೇನು?’ ಅಂತ ಕೇಳಿದ್ರು. ಈಗ ನಾನೇನು ಹೇಳಿದ್ರೂ ಸುಳ್ಳೇ, ಅಲ್ವೇನಪ್ಪಾ? ಹೆಚ್ಚು ದಿನ ಇಲ್ಲ ಅವರಿಗೆ.”

ಅದೇ ದಿನ, 3 ಗಂಟೆ

ಯಾರಿಗೂ ಹೇಳದ್ದು ಇಲ್ಲಿ ಬರೆಯುತ್ತೇನೆ. ರೆಕಾರ್ಡಿಂಗಿನಲ್ಲಿ ಆ ಮಾತು ಹನ್ನೊಂದು ವರ್ಷಕ್ಕೇ ಮುಗಿಯುವುದಿಲ್ಲ. ಆಮೇಲೂ ಇದೆ: “ಆದ್ರೆ ಯಾರದಾದ್ರೂ ಕೈ ಹಿಡ್ಕೊಂಡು ಹೇಳುವಾಗ, ಒಂದೊಂದ್ಸಲ, ಯಾರೋ ಕೇಳಿಸ್ಕೋತಿದಾರೆ ಅನ್ಸತ್ತೆ. ಆ ಆಸೆಗೇ ದಿನಾ ಬರ್ತೀನಿ.”

ಬರೆದುಕೊಂಡವನೂ ನಾನೇ, ನುಂಗಿದವನೂ ನಾನೇ. ಅಲ್ಲೇ ಪರದೆ ಬಿದ್ದರೆ ಚಪ್ಪಾಳೆ ಗ್ಯಾರಂಟಿ — ಅದಕ್ಕೆ. ಕೆಮ್ಮಿದ್ದು ದಡ್ಡತನ. ಇದು ಬೇಕೆಂದೇ ಮಾಡಿದ್ದು.

ಮಾರ್ಚ್ 17, ಬೆಳಗ್ಗೆ 11, ವಾರ್ಡಿನ ಹೊರಗೆ

ಈ ಸಲ ತಾತನನ್ನು ಕೇಳಿಯೇ ಬಂದೆ. ಹೆಡ್ ನರ್ಸಿಗೆ ಎಲ್ಲ ಒಪ್ಪಿಕೊಂಡೆ. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅಜ್ಜಿಗೂ ವಿಷಯ ತಿಳಿಸಿ, ಅವರ ಬಳಿ ಬಿಟ್ಟರು. ರೆಕಾರ್ಡಿಂಗ್ ಕೇಳಿಸಲು ಫೋನು ಹೊರತೆಗೆದೆ.

“ಮಿಷಿನ್ ಬೇಡ” ಅಂದರು ಅಜ್ಜಿ. “ಕತ್ತರಿಸಿದ್ದು ನೀನು. ನೀನೇ ಹೇಳು. ಅವರ ಥರ ಅಲ್ಲ, ನಿನ್ನ ಥರ.”

ಗಂಟಲು ಸರಿಮಾಡಿಕೊಂಡೆ. ಮಾತೇ ಹೊರಡಲಿಲ್ಲ. ಅಷ್ಟರಲ್ಲಿ ಅವರಿಗೆ ಮಂಪರು. ಎಚ್ಚರಾದಾಗ ಕರೀತೀನಿ ಎಂದರು ನರ್ಸ್.

ಅದಕ್ಕೆ ಇಲ್ಲಿ ಕೂತು ಬರೆದುಕೊಳ್ಳುತ್ತಿದ್ದೇನೆ. ಸಾದಾ ಮಾತು. ಅಜ್ಜೀ, ಅವರು ಸುಳ್ಳು ಹೇಳಿಲ್ಲ. ಅವರ ಮಾತಿನ ಕೊನೆ ನನ್ನ ಹತ್ತಿರ ಉಳಿದುಬಿಟ್ಟಿದೆ. ಅದು...

ನರ್ಸ್ ಬಾಗಿಲಿಗೆ ಬಂದರು. “ಅಜ್ಜಿಗೆ ಎಚ್ಚರ ಆಯ್ತು. ಆ ಬೆಂಚಿನಲ್ಲಿದಾರಲ್ಲ ತಾತ, ಅವರನ್ನೂ ಕರ್ಕೊಂಡು ಬನ್ನಿ. ಬೇಗ” ಅನ್ನುತ್ತಿ—