ಮುಲ್ಹಕ್‌ನಲ್ಲಿ ಇಪ್ಪತ್ತಾರು ಡಿಗ್ರಿ

ಜನವರಿ 3, 2016, ಭಾನುವಾರ. ಬೆಳಿಗ್ಗೆ 6.20

ಕೋಣೆಯಲ್ಲಿ 11 ಡಿಗ್ರಿ. ನಿನ್ನೆ 12 ಇತ್ತು. ಹಾಲು ಹಿಂಡಿ ಬಾಟಲಿಗೆ ಹಾಕಿಟ್ಟೆ. ಹಾರಿಸ್ ಕೆಲಸಕ್ಕೆ ಹೋಗುವಾಗ ಆಸ್ಪತ್ರೆಗೆ ಕೊಟ್ಟು ಹೋಗುತ್ತಾರೆ.

ಮಗು ಹುಟ್ಟಿ ಇವತ್ತಿಗೆ ಮೂವತ್ತೈದು ದಿನ. ಎರಡು ತಿಂಗಳು ಮುಂಚೆ ಬಂದವಳು. 1,840 ಗ್ರಾಂ. ಇನ್ನೂ ಗಾಜಿನ ಪೆಟ್ಟಿಗೆಯಲ್ಲೇ.

ಇಜಾಬೆಲ್ಲಾ ಸಿಸ್ಟರ್ ಥರ್ಮಾಮೀಟರ್ ಮತ್ತು ಒಂದು ಚಾರ್ಟ್ ಕೊಟ್ಟಿದ್ದಾರೆ. ಶಿರ್ವದವರು. ವಾರ್ಡಿನಲ್ಲಿ ಕನ್ನಡ ಬರುವುದು ಅವರೊಬ್ಬರಿಗೇ. "ಮನೆಯ ಬಿಸಿ ದಿನಕ್ಕೆ ಮೂರು ಸಲ ನೋಡಿ ಬರಿ. 26ರ ಹತ್ತಿರ ನಿಂತರೆ ಡಾಕ್ಟರ್ ಮಗುವನ್ನು ಬಿಡ್ತಾರೆ. ಇಲ್ಲದಿದ್ದರೆ ಇಲ್ಲ."

ನಿಲ್ಲುವುದು ಎಲ್ಲಿಂದ? ಇದು ಮುಲ್ಹಕ್. ಹಾರಿಸ್‌ಗೆ ವೀಸಾ ಕೊಟ್ಟ ಅರಬ್ ಯಜಮಾನ, ಕಫೀಲ್ ಅಬೂ ಸುಲೈಮಾನ್, ತಮ್ಮ ಮನೆಯ ಕಂಪೌಂಡಿನಲ್ಲಿ ಡ್ರೈವರಿಗೆಂದು ಕಟ್ಟಿಸಿದ ಒಂಟಿ ಕೋಣೆ. ತೆಳು ಗೋಡೆ. ಕಿಟಕಿಯ ಎಸಿ ತಣ್ಣಗೆ ಮಾತ್ರ ಮಾಡುತ್ತದೆ. ಆಯಿಲ್ ಹೀಟರ್ ಹಾಕಿದರೆ ಬ್ರೇಕರ್ ಟ್ರಿಪ್. ನಿನ್ನೆ ನಾಲ್ಕು ಸಲ.

ರಾತ್ರಿ 8.00

ಅದ್ದುವಿನ ಅಂಗಡಿಗೆ ಹೋದೆವು. ಎಸಿ ಮಾರುತ್ತಾನೆ, ಉಳ್ಳಾಲದವನು, ಹಾರಿಸ್‌ಗೆ ಹಳೇ ಪರಿಚಯ. ಬಿಸಿ-ತಣ್ಣಗೆ ಎರಡೂ ಮಾಡುವ ಸ್ಪ್ಲಿಟ್ ತೋರಿಸಿದ. ಹಾರಿಸ್‌ಗೆ ಒಂದೂವರೆ ಟನ್ನಿನದೇ ಇಷ್ಟ. ಅದರ ಮುಂದೆ ಕೈಯಿಟ್ಟರೆ ಸುಡುತ್ತದೆ.

ಅದ್ದು ಬೇಡ ಅಂದ. "ಅದರೊಳಗೆ ಇರುವುದು ಕಾಯಿಲ್ ಮಾರಾಯ. ನಿಮ್ಮ ಹೀಟರಿನ ಹಾಗೇ ಕರೆಂಟು ತಿನ್ನುತ್ತದೆ. ಲೈನ್ ತಡೆಯುವುದಿಲ್ಲ." ಒಂದು ಟನ್ನಿನ ಇನ್ವರ್ಟರ್ ಎಸಿ ತೋರಿಸಿದ. "ಇದು ಬಿಸಿ ಮಾಡುವುದಲ್ಲ. ಹೊರಗಿನ ಗಾಳಿಯಲ್ಲಿ ಇರುವ ಬಿಸಿಯನ್ನು ಎಳೆದು ಒಳಗೆ ಬಿಡುವುದು. ಅದಕ್ಕೇ ಕರೆಂಟು ಕಡಿಮೆ."

"ಬೆಳಗಿನ ಜಾವ ಹೊರಗೆ ಎರಡು ಡಿಗ್ರಿ," ಅಂದೆ. "ಅದರಲ್ಲಿ ಎಂತ ಬಿಸಿ ಉಂಟು?"

"ಉಂಟು. ಮೈನಸ್ ಹತ್ತರವರೆಗೆ ಎಳೆಯುತ್ತದೆ, ಇಲ್ಲಿ ಬರೆದದ್ದು ನೋಡಿ." ಯಂತ್ರದ ಬದಿಯ ಚೀಟಿ ತೋರಿಸಿದ. ಹಾರಿಸ್‌ಗೆ ನಂಬಿಕೆ ಇಲ್ಲ.

ಎರಡರಲ್ಲಿ ಯಾವುದು ತಂದರೂ ಗೋಡೆಗೆ ತೂತು ಹೊಡೆಯಬೇಕು. ಅಬೂ ಸುಲೈಮಾನ್ ಉಮ್ರಾಕ್ಕೆಂದು ಮಕ್ಕಾಕ್ಕೆ ಹೋಗಿದ್ದಾರೆ. ಮಗನನ್ನು ಕೇಳಿದರೆ, "ಅಪ್ಪ ಬರಲಿ."

ಜನವರಿ 5, ಮಂಗಳವಾರ

ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಸಾಲುತ್ತಿಲ್ಲವಂತೆ. 1,900 ದಾಟಿದರೆ ಗುರುವಾರವೇ ಕಳಿಸುವ ಯೋಚನೆ — ಚಾರ್ಟ್ ಸರಿ ಇದ್ದರೆ. ಅವಳನ್ನು ನಾನು ಎತ್ತಿಕೊಂಡದ್ದು ಇಷ್ಟು ದಿನದಲ್ಲಿ ಆರು ಸಲ.

ಬೆಂಚಿನ ಮೇಲೆ ಕೂತು ಚಾರ್ಟ್ ತುಂಬಿದೆ. 25. 26. 26. 25.

ಹಾರಿಸ್‌ಗೆ ಹೇಳಲಿಲ್ಲ. ಸಿಸ್ಟರ್ ನೋಡಿ, "ಪರವಾಗಿಲ್ವೇ, ಹೀಟರ್ ಒಳ್ಳೇದು ಸಿಕ್ಕಿತಾ?" ಅಂದರು. ಹೂಂ ಅಂದೆ.

ಇನ್ನು ಎರಡೇ ದಿನ. ಅಷ್ಟರೊಳಗೆ ನಿಜವಾಗಿ ಬಿಸಿ ಮಾಡಬೇಕು. ಹೇಗೆ ಅಂತ...

ಜನವರಿ 6, ಬುಧವಾರ. ಸಂಜೆ

ಮಲಗಿರು ಅಂದಿದ್ದಾರೆ. ಆದರೂ ಬರೆಯುತ್ತೇನೆ.

ಹಾರಿಸ್ ಗೆಳೆಯರ ರೂಮಿನಿಂದ ಗ್ಯಾಸ್ ಹೀಟರ್ ತಂದುಕೊಟ್ಟು ಕೆಲಸಕ್ಕೆ ಹೋಗಿದ್ದರು. ಕಿಟಕಿ ಸ್ವಲ್ಪ ತೆರೆದಿಡು ಅಂದಿದ್ದರು. ತೆರೆದರೆ 17ರ ಮೇಲೆ ಹೋಗಲಿಲ್ಲ. ಮುಚ್ಚಿದೆ. ಬಾಗಿಲ ಸಂದಿಗೆ ಟವೆಲ್ ತುರುಕಿದೆ. ಹನ್ನೊಂದು ಗಂಟೆಗೆ 24. ಖುಷಿಯಾಯಿತು. ಆಮೇಲೆ ತಲೆನೋವು. ವಾಂತಿ ಬಂದ ಹಾಗೆ. ಬಾಗಿಲ ತನಕ ಹೋದದ್ದು ನೆನಪಿದೆ. ಚಿಲಕ ತೆಗೆದೆನೋ ಇಲ್ಲವೋ ನೆನಪಿಲ್ಲ.

ತೆಗೆದಿದ್ದೆನಂತೆ. ಅಬೂ ಸುಲೈಮಾನರ ಹೆಂಡತಿ ಉಮ್ಮು ಸುಲೈಮಾನ್ ಅಂಗಳದಲ್ಲಿದ್ದರು, ಓಡಿ ಬಂದು ಎಳೆದುಕೊಂಡು ಹೋದರು. ಹೀಟರಿನ ವಿಷಗಾಳಿಯಂತೆ. ಆಸ್ಪತ್ರೆಯಲ್ಲಿ ಮೂರು ಗಂಟೆ ಆಕ್ಸಿಜನ್.

ಎರಡು ಮಹಡಿ ಮೇಲೆ ಮಗಳು. ನಾಳೆ ಅವಳೂ ಆ ಕೋಣೆಯಲ್ಲಿ ಇರುತ್ತಿದ್ದಳು. ಅಷ್ಟು ಸಣ್ಣ ಎದೆ.

ಇಜಾಬೆಲ್ಲಾ ಸಿಸ್ಟರ್ ನೋಡಲು ಬಂದರು. ಹೇಳಿಬಿಟ್ಟೆ. ಚಾರ್ಟ್ ಸುಳ್ಳು, ಎಲ್ಲ ನಾನೇ ಬರೆದದ್ದು, ಕೋಣೆ ಹನ್ನೊಂದು. ಹಾರಿಸ್ ಪಕ್ಕದಲ್ಲೇ ನಿಂತಿದ್ದರು.

"ನಾಳೆ ಮಗುವನ್ನು ಬಿಡುವುದು ಕ್ಯಾನ್ಸಲ್," ಅಂದರು ಸಿಸ್ಟರ್. "ಡಾಕ್ಟರಿಗೆ ಹೇಳದೆ ನನಗೆ ನಿರ್ವಾಹವಿಲ್ಲ, ಝೀನತ್. ಇನ್ನು ಬರೆದದ್ದು ನಂಬುವುದಿಲ್ಲ. ಥರ್ಮಾಮೀಟರಿನ ಫೋಟೋ ಕಳಿಸು."

ಕಾರಿನಲ್ಲಿ ಹಾರಿಸ್ ಒಂದೇ ಮಾತು ಕೇಳಿದರು. "ನನಗೆ ಯಾಕೆ ಹೇಳಲಿಲ್ಲ?" ಮನೆಗೆ ಬರಲಿಲ್ಲ ಕಾರು. ಅದ್ದುವಿನ ಅಂಗಡಿಗೆ ಹೋಯಿತು. ಒಂದು ಟನ್ನಿನದೇ ತೆಗೆದುಕೊಂಡೆವು, ಅದ್ದು ಹೇಳಿದ್ದು.

ಜನವರಿ 8, ಶುಕ್ರವಾರ

ಉಮ್ಮು ಸುಲೈಮಾನ್ ಮಕ್ಕಾಕ್ಕೆ ಫೋನ್ ಮಾಡಿದ್ದರಂತೆ. ಗಂಡನ ಜೊತೆ ಜೋರಾಗಿ ಮಾತಾಡಿದ್ದು ಇಲ್ಲಿಗೂ ಕೇಳಿತು. ಆಮೇಲೆ ಮಗನೇ ಬಂದು, ಎಲ್ಲಿ ತೂತು ಬೇಕೋ ತೋರಿಸಿ ಅಂದ.

ಜುಮಾ ನಮಾಜು ಮುಗಿಸಿ ಅದ್ದು ಬಂದು ಫಿಟ್ ಮಾಡಿದ. ಎಸಿಯ ಹೊರಗಿನ ಪೆಟ್ಟಿಗೆಯನ್ನು ನೆಲದಿಂದ ಎತ್ತರಿಸಿ ಇಟ್ಟ. ಬ್ರೇಕರ್ ಬೀಳಲಿಲ್ಲ. ಸಂಜೆಗೆ 21. ರಾತ್ರಿ ಇಶಾ ನಮಾಜಿನ ಹೊತ್ತಿಗೆ 25.

ಜನವರಿ 9, ಶನಿವಾರ. ಬೆಳಿಗ್ಗೆ 5.40

ನಮಾಜಿಗೆ ಎದ್ದಾಗ ಎಸಿಯ ಗಾಳಿ ನಿಂತಿತ್ತು. ಮುಟ್ಟಿದರೆ ತಣ್ಣಗೆ. ಹೊರಗೆ ಪೆಟ್ಟಿಗೆಯ ಮೇಲೆಲ್ಲ ಬಿಳಿ ಹಿಮ. ಮುಗಿಯಿತು ಅಂದುಕೊಂಡೆ. ಹಾರಿಸ್ ಫೋನ್ ಮಾಡಿ ಅದ್ದುವನ್ನು ನಿದ್ದೆಯಿಂದ ಎಬ್ಬಿಸಿದರು.

"ಹಿಮ ಕರಗಿಸಿಕೊಳ್ಳುವುದು ಅದು. ಮುಟ್ಟಬೇಡಿ. ಹತ್ತು ನಿಮಿಷ ನೋಡಿ."

ನೋಡಿದೆವು. ಇಬ್ಬರೂ ನಿಂತೇ. ಏಳು ನಿಮಿಷ. ಹೊರಗೆ ಹಬೆ ಎದ್ದಿತು, ನೀರು ತೊಟ್ಟಿಕ್ಕಿತು, ಮತ್ತೆ ಬಿಸಿ ಗಾಳಿ. ಕೋಣೆ ಇಳಿದದ್ದು ಒಂದೇ ಡಿಗ್ರಿ. ಹಾರಿಸ್ ಬುಧವಾರದ ನಂತರ ಮೊದಲ ಸಲ ನನ್ನ ಹೆಗಲ ಮೇಲೆ ಕೈಯಿಟ್ಟರು.

ಫೋಟೋ ಕಳಿಸಿದೆ.

ಜನವರಿ 14, ಗುರುವಾರ. ಮಧ್ಯಾಹ್ನ

ಮನೆಯಲ್ಲಿದ್ದಾಳೆ. 2,060 ಗ್ರಾಂ.

ಸಿಸ್ಟರ್ ತಾವೇ ಆಸ್ಪತ್ರೆಯ ಬಾಗಿಲ ತನಕ ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟರು. ಚಾರ್ಟಿನ ಸುದ್ದಿ ಎತ್ತಲಿಲ್ಲ. ನಾನೂ ತಲೆ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಯಾವಾಗಲೂ ಉಲ್ಲನ್ ಟೊಪ್ಪಿ. ಈಗ ಒಂದು ನಿಮಿಷ ತೆಗೆದು ನೋಡಿದೆ. ಇಷ್ಟು ಕೂದಲಿದೆ ಅಂತ ಗೊತ್ತೇ ಇರಲಿಲ್ಲ. ಕಪ್ಪಗೆ, ಬೆವರಿ ಅಂಟಿಕೊಂಡಿದೆ. ನೆತ್ತಿಯಲ್ಲಿ ಸುಳಿ ಒಂದಲ್ಲ, ಎರಡು. ಹಾರಿಸ್ ಅಂಗಳದಲ್ಲಿದ್ದಾರೆ, ಕರೆದು ತೋರಿಸಬೇಕು.