ಈ ಮದ್ದು ಎಲ್ಲಿಂದ ಬಂತು ಎಂದು ಪಾರವ್ವ ಕೇಳಿದಳು

ಮೇಲ್ದಂಡೆ ಪಟ್ಟಣ, ಕೃಷ್ಣಾ ತೀರ
ಕ್ರಿ.ಶ. 2176, ಎರಡನೆಯ ಬೇಸಿಗೆಯ ಮೂರನೆಯ ವಾರ

ನೂರೈವತ್ತು ವರ್ಷ ಹಿಂದೆ ಕುಳಿತು ಜನರಿಗೆ ಆರೋಗ್ಯದ ತಿಳಿವಳಿಕೆ ಹೇಳುತ್ತಿರುವ ನನ್ನ ಸಹೋದ್ಯೋಗಿಗಳಿಗೆ,

ದಾಕ್ಷಾಯಣಿ ಹಂಡರಗಲ್ಲಳ ನಮಸ್ಕಾರ. ಮೇಲಿನ ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಬೇಸಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ಒಮ್ಮೆ ಮಳೆಗೆ ಮುಂಚೆ, ಇನ್ನೊಮ್ಮೆ ಮಳೆಯಾದ ಮೇಲೆ. ಎರಡನೆಯದೇ ಹೆಚ್ಚು ಸುಡುತ್ತದೆ. ನನ್ನ ಮಾತಿನಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಕನ್ನಡ ಅಷ್ಟೇನೂ ಬದಲಾಗಿಲ್ಲ, ಅದರಲ್ಲಿ ಹೇಳಬೇಕಾದ ಸಂಗತಿಗಳು ಬದಲಾಗಿವೆ. ಈ ಕಾಗದ ಹಿಂದಕ್ಕೆ ಹೇಗೆ ತಲುಪುತ್ತದೆ ಎಂದು ನನ್ನನ್ನು ಕೇಳಬೇಡಿ. ಮುಂದಿನವರಿಗೆ ಬರೆದು ಬರೆದು ಬೇಸತ್ತಿದ್ದೇನೆ. ಹಿಂದಿನವರಾದರೂ ಓದಲಿ.

ನಾನು ವೈದ್ಯಳಲ್ಲ. ವೈದ್ಯರಿಗೆ ತಿಳಿದದ್ದು ಜನರನ್ನು ಹೇಗೆ ತಲುಪುತ್ತದೆ, ತಲುಪದಿದ್ದರೆ ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಅಧ್ಯಯನ ಮಾಡುವವಳು. ನಮ್ಮ ಪಟ್ಟಣವನ್ನು ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳವರು ಸೇರಿ ಎತ್ತರದ ದಿಬ್ಬದ ಮೇಲೆ ಕಟ್ಟಿದರು. ಬೀದಿಗಳ ಮೇಲೆಲ್ಲ ಈ ಮಹಡಿಯಿಂದ ಆ ಮಹಡಿಗೆ ದಪ್ಪ ಬಟ್ಟೆಯ ಚಪ್ಪರ ಬಿಗಿದಿರುತ್ತದೆ. ಅಂಥ ಬೀದಿಗೆ ನೆರಳೋಣಿ ಎನ್ನುತ್ತೇವೆ. ಬಿಸಿಲೇರಿದ ಮೇಲೆ ನೆರಳೋಣಿ ಬಿಟ್ಟು ಹೊರಗೆ ಕಾಲಿಡುವವರಿಲ್ಲ. ಸಂತೆ, ಶಾಲೆ, ಮದುವೆಯ ಊಟ ಎಲ್ಲ ಅದರ ಕೆಳಗೇ. ಗಾಳಿ ಜೋರಾದಾಗ ಚಪ್ಪರ ಹರಿಯುತ್ತದೆ, ಆಗ ಹೊಲಿಗೆಯವರು ತಂತಿ ಹಿಡಿದು ಮೇಲೆ ಹತ್ತುತ್ತಾರೆ. ನನ್ನ ಸೋದರಮಾವ ಮಳಿಯಪ್ಪ ಅಂಥ ಹೊಲಿಗೆಯವನು. ಬಾಯಿ ಜೋರು, ಕೈ ನಯ. ಹೋದ ವರ್ಷ ಕೆಳಗಿಳಿಯುವಾಗ ತುಕ್ಕು ಹಿಡಿದ ತಂತಿಯೊಂದು ಅವನ ಅಂಗಾಲಿಗೆ ಚುಚ್ಚಿತು.

ನಿಮ್ಮ ಕಾಲದಲ್ಲಿ ಇದೊಂದು ಸಂಗತಿಯೇ ಆಗಿರಲಿಲ್ಲವಂತೆ. ಆಂಟಿಬಯಾಟಿಕ್ ಎಂಬ ಮಾತ್ರೆಗಳಿದ್ದವಂತೆ, ನುಂಗಿದರೆ ಗಾಯ ಮಾಯುತ್ತಿತ್ತಂತೆ. ಆ ಮಾತ್ರೆಗಳನ್ನು ನೀವು ನೆಗಡಿಗೆ ನುಂಗಿದಿರಿ, ಕೋಳಿಗಳಿಗೆ ಮೇವಿನಲ್ಲಿ ಬೆರೆಸಿದಿರಿ, ಜ್ವರ ಇಳಿದ ಕೂಡಲೇ ಉಳಿದದ್ದನ್ನು ಕಪಾಟಿಗೆ ಎಸೆದಿರಿ. ರೋಗಾಣುಗಳು ಅವಕ್ಕೆ ಒಗ್ಗಿಕೊಂಡವು. ಈಗ ನಮ್ಮಲ್ಲಿ ಇರುವುದು ಮೊಂಡುಸೋಂಕು, ಅಂದರೆ ಯಾವ ಹಳೆಯ ಮಾತ್ರೆಗೂ ಬಗ್ಗದ ಸೋಂಕು. ಈ ಬಗ್ಗೆ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಈ ಕಾಗದ ಅದಕ್ಕಾಗಿ ಅಲ್ಲ.

ನಮಗೂ ಒಂದು ಮದ್ದು ಸಿಕ್ಕಿದೆ. ರೋಗಾಣುವನ್ನೇ ಹಿಡಿದು ತಿನ್ನುವ, ಅದಕ್ಕಿಂತ ಎಷ್ಟೋ ಚಿಕ್ಕದಾದ ಜೀವಿಗಳಿವೆ. ಅವು ಮನುಷ್ಯನ ಮೈಯನ್ನು ಮುಟ್ಟುವುದಿಲ್ಲ, ತಮ್ಮ ಬೇಟೆಯನ್ನು ಮಾತ್ರ ಮುಗಿಸುತ್ತವೆ. ಪುಸ್ತಕದಲ್ಲಿ ಇದಕ್ಕೆ ಭಕ್ಷಕ ಚಿಕಿತ್ಸೆ ಎಂದು ಹೆಸರು, ಜನ ಕರೆಯುವುದು ತಿನ್ನುಮದ್ದು. ಒಬ್ಬರ ಸೋಂಕನ್ನು ತಿನ್ನುವ ಜೀವಿ ಇನ್ನೊಬ್ಬರ ಸೋಂಕನ್ನು ತಿನ್ನಲಾರದು. ಹಾಗಾಗಿ ಪ್ರತಿ ರೋಗಿಯ ಗಾಯದ ಕೀವು ತೆಗೆದು, ಅದನ್ನು ತಿನ್ನುವಂಥದ್ದನ್ನೇ ಹುಡುಕಬೇಕು. ಹುಡುಕುವುದು ಎಲ್ಲಿ? ರೋಗಾಣುಗಳು ಎಲ್ಲಿ ಕಿಕ್ಕಿರಿದಿವೆಯೋ, ಅವನ್ನು ತಿನ್ನುವವೂ ಅಲ್ಲೇ ಇರುತ್ತವೆ. ಗಟಾರದಲ್ಲಿ. ಆಸ್ಪತ್ರೆಯ ಹಿಂದಿನ ದೊಡ್ಡ ಗಟಾರದಿಂದ ನೀರೆತ್ತಿ, ಸೋಸಿ, ತೊಳೆದು, ಬೇಕಾದ ಜೀವಿಯನ್ನು ಮಾತ್ರ ಬೇರ್ಪಡಿಸಿ ಬೆಳೆಸಿ, ಮತ್ತೆ ಮತ್ತೆ ಪರೀಕ್ಷಿಸಿ, ಕೊನೆಗೆ ಸ್ವಚ್ಛವಾದ ಸೀಸೆಯಲ್ಲಿ ತುಂಬಿ ಕೊಡುತ್ತಾರೆ. ಅದರಲ್ಲಿ ಗಟಾರದ ಒಂದು ಹನಿಯೂ ಇರುವುದಿಲ್ಲ. ಇಷ್ಟೇ ವಿಷಯ. ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದು. ನೋಡಿ, ನಾನು ಈಗ ಹೇಳಿದೆ, ನೀವು ಸತ್ತಿಲ್ಲ.

ಆದರೆ ನಮ್ಮ ಆರೋಗ್ಯ ತಿಳಿವಳಿಕೆ ಮಂಡಳಿ ಇದನ್ನು ಹೇಳಲಿಲ್ಲ. ಅದು ಗೋಡೆಗಳ ಮೇಲೆ ಹಾಕಿಸಿದ ಚಿತ್ರದಲ್ಲಿ ಬಂಡೆಗಳ ನಡುವೆ ಹರಿಯುವ ಬಿಳಿ ಝರಿಯಿದೆ, ಕೆಳಗೆ ‘ಪರಿಶುದ್ಧ ಜಲಮೂಲಗಳಿಂದ’ ಎಂದು ಬರೆದಿದೆ. ನಾನು ಎರಡು ಊರುಗಳಲ್ಲಿ ಅಧ್ಯಯನ ಮಾಡಿದೆ. ಒಂದು ಊರಿನಲ್ಲಿ ಝರಿಯ ಚಿತ್ರ ತೋರಿಸಿದೆವು, ಇನ್ನೊಂದರಲ್ಲಿ ಗಟಾರದ ಸಂಗತಿಯನ್ನು ಇದ್ದಹಾಗೆ ಹೇಳಿದೆವು. ಎರಡನೆಯ ಊರಿನವರು ಮುಖ ಹಿಂಡಿದರು, ‘ಥೂ’ ಎಂದರು, ಒಬ್ಬರನ್ನೊಬ್ಬರು ಚುಡಾಯಿಸಿ ನಕ್ಕರು, ಆಮೇಲೆ ಮದ್ದು ತೆಗೆದುಕೊಂಡರು. ಮುಂದೆ ಅಲ್ಲಿ ಯಾವ ಗಾಳಿಸುದ್ದಿಯೂ ನಾಟಲಿಲ್ಲ, ಏಕೆಂದರೆ ಹೊಸದಾಗಿ ಹೊರಬೀಳಲು ಏನೂ ಉಳಿದಿರಲಿಲ್ಲ. ಮೊದಲ ಊರಿನಲ್ಲಿ ಯಾರೋ ಗಟಾರದ ಮಾತೆತ್ತಿದ ವಾರದೊಳಗೆ ಚಿಕಿತ್ಸಾಲಯ ಖಾಲಿಯಾಯಿತು. ಮಂಡಳಿಯವರು ನನ್ನ ಪ್ರಬಂಧವನ್ನು ಹೊಗಳಿದರು, ಸಭೆಯಲ್ಲಿ ಶಾಲು ಹೊದಿಸಿದರು. ಝರಿಯ ಚಿತ್ರ ಮಾತ್ರ ಹಾಗೇ ಉಳಿಯಿತು. ಕೇಳಿದ್ದಕ್ಕೆ ಮಂಡಳಿಯ ಮುಖ್ಯಸ್ಥರಾದ ಡಾಕ್ಟರ್ ವಿಶ್ವಂಭರ ಕೌಜಲಗಿಯವರು ಬಹಳ ಪ್ರೀತಿಯಿಂದ ಹೇಳಿದರು:

“ನೋಡ್ರಿ ದಾಕ್ಷಾಯಣಿಯವರ, ನಿಮ್ಮ ಅಧ್ಯಯನ ಛೊಲೋ ಐತಿ. ಆದ್ರ ಜನಕ್ಕ ಎಲ್ಲಾನೂ ಹೇಳಬಾರದ್ರಿ. ಹೇಸ್ತಾರ.”

“ಹೇಸಲಿ ಬಿಡ್ರಿ ಸರ್, ಹೇಸಿ ತೊಗೋತಾರ. ಮುಚ್ಚಿಟ್ರ ಓಡಿ ಹೋಗ್ತಾರ.”

“ಮುಂದಿನ ಸಭಾದಾಗ ನೋಡೋಣಂತ,” ಎಂದು ಅವರು ಚಹಾ ತರಿಸಿದರು.

ಮಾವನಿಗೆ ತಂತಿ ಚುಚ್ಚಿದಾಗ ನಾನು ದೂರದ ಕರಾವಳಿಯಲ್ಲಿ ಇನ್ನೊಂದು ಅಧ್ಯಯನದಲ್ಲಿದ್ದೆ. ಅವನು ಆಸ್ಪತ್ರೆ ಸೇರಿದ. ಪಕ್ಕದ ಹೆಣ್ಣುಮಕ್ಕಳ ಕೋಣೆಯಲ್ಲಿ ಪಾರವ್ವ ಎಂಬ ಬಾಣಂತಿ ಇದ್ದಳು. ಹೆರಿಗೆಯಾದ ಮೇಲೆ ಸೋಂಕಾಗಿ ಜ್ವರ ಬಿಡದೆ ಬಂದವಳು. ಅವಳು ಸೇತುವೆ ಕಟ್ಟುವ ಇಂಜಿನಿಯರು. ಹಿನ್ನೀರಿನ ಮೇಲೆ ನಾವು ಓಡಾಡುವ ತೇಲುಸೇತುವೆ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕಿದವಳು ಅವಳೇ. ಅವಳನ್ನು ತಿಳಿವಳಿಕೆಯಿಲ್ಲದವಳು, ಮೂಢೆ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನಿರಲಾರೆ. ಇಬ್ಬರ ಕೀವನ್ನೂ ಪ್ರಯೋಗಾಲಯಕ್ಕೆ ಕಳಿಸಿದ್ದರು, ತಿನ್ನುವ ಜೀವಿಯನ್ನು ಹುಡುಕುವ ಕೆಲಸ ನಡೆದಿತ್ತು. ಆಗ ಪಾರವ್ವ ನರ್ಸಿಗೆ ಒಂದೇ ಪ್ರಶ್ನೆ ಕೇಳಿದಳು, ಈ ಮದ್ದು ಎಲ್ಲಿಂದ ಬರುತ್ತದೆ ಎಂದು. ನರ್ಸ್ ಗೋಡೆಯ ಝರಿ ತೋರಿಸಿದಳು. ಅದಕ್ಕಿಂತ ಹೆಚ್ಚು ಹೇಳಕೂಡದೆಂದು ಅವಳಿಗೆ ಮೇಲಿನಿಂದ ಅಪ್ಪಣೆಯಿತ್ತು.

ಮರುದಿನ ಬೇರೆ ಯಾವುದೋ ರೋಗಿಯ ಕಡೆಯವರೊಬ್ಬರು ಕೈ ತೊಳೆಯಲು ಹಿತ್ತಿಲಿಗೆ ಹೋದಾಗ, ಆಸ್ಪತ್ರೆಯ ಸಿಬ್ಬಂದಿ ಗಟಾರಕ್ಕೆ ಬಕೆಟ್ ಇಳಿಸಿ ನೀರೆತ್ತಿ, ಹಿಂಬಾಗಿಲಿನಿಂದ ಪ್ರಯೋಗಾಲಯಕ್ಕೆ ಒಯ್ಯುವುದನ್ನು ಕಂಡರು. ಅದನ್ನು ಚಿತ್ರೀಕರಿಸಿ ಊರಿಗೆಲ್ಲ ಕಳಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ವಾರ್ಡಿನಲ್ಲಿ ಕೂಗಾಟ. ಗಟಾರದ ನೀರನ್ನು ರಕ್ತಕ್ಕೆ ಏರಿಸುತ್ತಾರೆ ಎಂದು ಜನ ಸೂಜಿ ಕಿತ್ತೆಸೆದು, ಚಾದರ ಸುತ್ತಿಕೊಂಡು, ಒಬ್ಬರನ್ನೊಬ್ಬರು ಹೊತ್ತುಕೊಂಡು ಹೊರಟರು. ಪಾರವ್ವ ಮಾತ್ರ ಕೂಗಾಡಲಿಲ್ಲವಂತೆ. ವೈದ್ಯರು ಓಡಿಬಂದು ಮದ್ದು ಸ್ವಚ್ಛವಾಗಿದೆ, ಪೂರಾ ಸೋಸಿದ್ದೇವೆ ಎಂದು ವಿವರಿಸಿದಾಗ ಅವಳು ಕೇಳಿದ್ದು ಇಷ್ಟು:

“ಇದರಾಗ ಸುಳ್ಳ ಹೇಳಿದವರು ಸೋಸೋದ್ರಾಗ ಖರೇ ಹೇಳ್ತೀರಿ ಅಂತ ನಾ ಹ್ಯಾಂಗ ನಂಬ್ಲಿ?”

ಅವಳ ತಾಯಿ ಶಿವಗಂಗವ್ವ ಕೂಸನ್ನೆತ್ತಿಕೊಂಡಳು, ಪಾರವ್ವ ಗೋಡೆ ಹಿಡಿದುಕೊಂಡು ನಡೆದುಹೋದಳು.

ಸುದ್ದಿ ಕೇಳಿ ನಾನು ಊರಿಗೆ ಬಂದಾಗ, ಆ ಗದ್ದಲದಲ್ಲಿ ಆಸ್ಪತ್ರೆಯಿಂದ ಎದ್ದುಬಂದಿದ್ದ ಮಾವ ಮನೆಯಲ್ಲಿದ್ದ. ಕಾಲು ಮೊಣಕಾಲಿನವರೆಗೆ ಬಾತು, ಬೆರಳುಗಳು ಕಪ್ಪಾಗತೊಡಗಿದ್ದವು. ಅವನ ಹೆಂಡತಿ ಸತ್ಯವ್ವತ್ತೆ ಅರಿಸಿನ ಅರೆದು ಹಚ್ಚುತ್ತಿದ್ದಳು. ನನ್ನನ್ನು ಕಂಡವಳೇ ಮುಖ ತಿರುಗಿಸಿದಳು.

“ನೀನೂ ಅವರ ಪೈಕಿನs ಅಲ್ಲೇನು?” ಎಂದಳು. “ನಿಮ್ಮ ಮಾವಗ ಗಟಾರ ಕುಡಿಸಾಕ ಬಂದಿ?”

“ಮಾವಾ,” ಎಂದೆ ನಾನು, “ಅದು ಗಟಾರದಿಂದs ಬರ್ತೈತಿ. ಖರೇ. ಆದ್ರ ಗಟಾರಲ್ಲ ಅದು. ಬಾ, ತೋರಸ್ತೀನಿ.”

ಮಾವ ಕಣ್ಣು ತೆರೆದ. “ತೋರಸ್ತೀ? ಅವರು ಒಳಗ ಬಿಡ್ತಾರೇನು?”

“ಬಿಡೂದಿಲ್ಲ. ನಾ ಕರ್ಕೊಂಡು ಹೋಗ್ತೀನಿ.”

ತಳ್ಳುಗಾಡಿಯಲ್ಲಿ ಅವನನ್ನು ಮಲಗಿಸಿ ನೆರಳೋಣಿಯ ಉದ್ದಕ್ಕೂ ತಳ್ಳಿಕೊಂಡು ಹೋದೆವು. ಮೊದಲು ಗಟಾರ ತೋರಿಸಿದೆ. ಅವನು ಮೂಗು ಮುಚ್ಚಿಕೊಂಡು ಬೈದ. ಆಮೇಲೆ ನಿಯಮ ಮುರಿದು ಪ್ರಯೋಗಾಲಯದ ಒಳಗೆ ಒಯ್ದೆ. ಅಲ್ಲಿ ಗಾಜಿನ ತಟ್ಟೆಯೊಂದರಲ್ಲಿ ಅವನ ಕಾಲಿನ ರೋಗಾಣುವನ್ನು ಬೆಳೆಸಿದ್ದರು. ತಟ್ಟೆಯ ತುಂಬ ಮಂಜು ಮುಸುಕಿದ ಹಾಗೆ ಬಿಳಿಯ ಪೊರೆ, ನಡುನಡುವೆ ನಿಚ್ಚಳವಾದ ತೂತುಗಳು. ಮಾವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಈ ಬೆಳ್ಳಗಿರೂದು ನನ್ನ ಕಾಲಾಗಿಂದೇನು?”

“ಹೌದು. ತೂತು ಬಿದ್ದಲ್ಲೆ ಅದನ್ನ ತಿಂದು ಮುಗಿಸ್ಯಾವು.”

“ಎಲಾ ಇವನ! ನನ್ನ ಕಾಲ ತಿನ್ನಾಕ ಬಂದಿದ್ದನ್ನ ಇವು ತಿನ್ನಾಕ ಹತ್ಯಾವು.” ಅವನು ನಕ್ಕ, ನೋವಿಗೆ ನಗು ಅರ್ಧಕ್ಕೇ ನಿಂತಿತು. ಆಮೇಲೆ ನನ್ನತ್ತ ತಿರುಗಿದ. “ದಾಕ್ಷೀ, ಇದನ್ನ ಮೊದಲ ದಿನಾನs ತೋರಿಸಿದ್ರ ನಾ ಯಾಕ ಎದ್ದು ಹೋಗ್ತಿದ್ದೆ?”

ಅಂದೇ ಮದ್ದು ಶುರುವಾಯಿತು. ಜೀವ ಉಳಿಯಿತು, ಪಾದ ಉಳಿಯಲಿಲ್ಲ. ಮನೆಯಲ್ಲಿ ಕಳೆದ ದಿನಗಳಲ್ಲಿ ಅದು ಕೊಳೆತುಹೋಗಿತ್ತು, ಕತ್ತರಿಸಬೇಕಾಯಿತು. ಮಾವ ಇನ್ನು ಚಪ್ಪರ ಹತ್ತುವುದಿಲ್ಲ.

ಪ್ರಯೋಗಾಲಯದ ತಣ್ಣನೆ ಪೆಟ್ಟಿಗೆಯಲ್ಲಿ ಅವನ ಸೀಸೆಯ ಪಕ್ಕದಲ್ಲೇ ಇನ್ನೊಂದು ಸೀಸೆ ಇತ್ತು. ಮೇಲೆ ಪಾರವ್ವನ ಹೆಸರು. ಅವಳ ಸೋಂಕನ್ನು ತಿನ್ನುವುದು ಸಿಕ್ಕಿತ್ತು, ಬೆಳೆದು ಸಿದ್ಧವಾಗಿತ್ತು. ನಾನು ಅದನ್ನು ಕೇಳಿಕೊಂಡು ಹಿಮದ ಚೀಲದಲ್ಲಿಟ್ಟು, ಒಬ್ಬ ವೈದ್ಯರನ್ನು ಜೊತೆಗೆ ಕರೆದುಕೊಂಡು ಅವಳ ಮನೆಗೆ ಹೋದೆ. ಹೊರಗೆ ಚಪ್ಪಲಿಗಳು ಗುಂಪಾಗಿದ್ದವು. ಶಿವಗಂಗವ್ವ ಹೊಸ್ತಿಲಲ್ಲೇ ಕೂತಿದ್ದಳು. ನನ್ನ ಕೈಯಲ್ಲಿನ ಚೀಲ ನೋಡಿದಳು.

“ನಿನ್ನಿ ಬರಬೇಕಿತ್ತವ್ವಾ,” ಎಂದಳು. ಒಳಗೆ ಕೂಸು ಅಳುತ್ತಿತ್ತು.

ಆ ವಾರ ನಮ್ಮ ಪಟ್ಟಣದಲ್ಲಿ ಓಡಿಹೋದವರಲ್ಲಿ ಸತ್ತವರು ಅವಳೊಬ್ಬಳೇ ಅಲ್ಲ. ಮಂಡಳಿ ತುರ್ತು ಸಭೆ ಕರೆಯಿತು. ಜನರ ಮೌಢ್ಯವೇ ಸಾವುಗಳಿಗೆ ಕಾರಣ ಎಂದು ಸಭೆ ತೀರ್ಮಾನಿಸಿತು. ನಾನು ಎದ್ದು ನಿಂತು ಪಾರವ್ವ ಕೇಳಿದ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಓದಿದೆ, ಇದು ಮೌಢ್ಯವೇ ಎಂದು ಕೇಳಿದೆ. ನನ್ನ ಮಾತನ್ನು ‘ಚರ್ಚಿಸಲಾಯಿತು’ ಎಂಬ ಒಂದೇ ಪದದಲ್ಲಿ ದಾಖಲಿಸಿದರು. ಕೊನೆಗೆ ಒಮ್ಮತದಿಂದ ಆದ ನಿರ್ಣಯ ಏನು ಗೊತ್ತೇ? ಮುಂದೆ ಯಾರೂ ಚಿತ್ರೀಕರಿಸದಂತೆ ಗಟಾರದ ಸುತ್ತ ಎತ್ತರದ ಗೋಡೆ ಕಟ್ಟಿಸುವುದು. ಗೋಡೆ ಕಟ್ಟಿಯಾಗಿದೆ. ಅದರ ಮೇಲೂ ಝರಿಯ ಚಿತ್ರ ಬರೆಸಿದ್ದಾರೆ.

ನಿಮಗೆ ನಗು ಬಂದಿರಬಹುದು. ನನಗೆ ಬರುವುದಿಲ್ಲ. ರೋಗವನ್ನು ಅರಿಯಲು ನಮ್ಮವರು ಎಷ್ಟು ಕಷ್ಟಪಟ್ಟಿದ್ದಾರೆ ಎಂದು ನಾನು ಕಂಡಿದ್ದೇನೆ. ಕಣ್ಣಿಗೆ ಕಾಣದ ಜೀವಿಯನ್ನು ಕೊಳಚೆಯಿಂದ ಹೆಕ್ಕಿ ತೆಗೆಯುವಷ್ಟು ತಾಳ್ಮೆ ಇರುವವರಿಗೆ, ಎದುರಿಗೆ ಕೂತ ಹೆಣ್ಣುಮಗಳ ಒಂದು ಪ್ರಶ್ನೆಗೆ ಉತ್ತರ ಹೇಳುವಷ್ಟು ತಾಳ್ಮೆ ಇಲ್ಲವಲ್ಲ! ಅರ್ಧ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿ, ಉಳಿದರ್ಧವನ್ನು ಪೇಂಟರನಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಾರೆ.

ಕಳೆದ ತಿಂಗಳು ಶಿವಗಂಗವ್ವ ಮೊಮ್ಮಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದಳು. ಕೂಸಿನ ಕಿವಿಯ ಹಿಂದೆ ದೊಡ್ಡ ಬಾವು, ಮೈ ಕಾದ ಹಂಚು. ಬಾಗಿಲಲ್ಲೇ ನಿಂತು ನರ್ಸನ್ನು, ವೈದ್ಯರನ್ನು, ಅಲ್ಲೇ ಇದ್ದ ನನ್ನನ್ನು ನೋಡಿದಳು. ಮಂಡಳಿಯ ಅಧಿಕಾರಿಯೊಬ್ಬರೂ ಅಲ್ಲಿದ್ದರು.

“ನನ್ನ ಮಗಳು ಕೇಳಿದ್ದನ್ನs ನಾನೂ ಕೇಳ್ತೀನಿ,” ಎಂದಳು. “ಹೇಳಿದ್ರ ಒಳಗ ಬರ್ತೀನಿ. ಎಲ್ಲಿಂದ ತರ್ತೀರಿ ಇದನ್ನ?”

ಅಧಿಕಾರಿ ನನ್ನತ್ತ ನೋಡಿ ಬೇಡವೆಂದು ಕಣ್ಸನ್ನೆ ಮಾಡಿದರು.

“ಗಟಾರದಿಂದ, ಯವ್ವಾ,” ಎಂದೆ. ಬೆಂಚಿನ ಮೇಲೆ ಕೂರಿಸಿ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಳು ಸುಮ್ಮನೆ ಕೇಳಲಿಲ್ಲ, ತೊಳೆಯುವುದು ಹೇಗೆ, ಪರೀಕ್ಷೆ ಮಾಡುವವರು ಯಾರು, ಅವರು ತಪ್ಪಿದರೆ ಏನಾಗುತ್ತದೆ ಎಂದು ಒಂದೊಂದನ್ನೂ ಕೆದಕಿದಳು. ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, “ಇಷ್ಟs ಇತ್ತೇನು?” ಎಂದು ಕೇಳಿ, ಕೂಸನ್ನು ವೈದ್ಯರ ಕೈಗೆ ಕೊಟ್ಟಳು. ಆ ‘ಇಷ್ಟs’ ಎಂಬ ಮಾತು ನನ್ನನ್ನು ಚುಚ್ಚಿದಷ್ಟು ಬೇರಾವುದೂ ಚುಚ್ಚಿಲ್ಲ. ಕೂಸು ಉಳಿಯಿತು. ನನಗೆ ಶಿಸ್ತುಕ್ರಮದ ನೋಟೀಸು ಬಂತು.

ನಿಮ್ಮಲ್ಲಿ ಬೇಡುವುದು ಒಂದೇ. ನಿಮ್ಮ ಕಾಲದಲ್ಲೂ ಯಾವುದೋ ಲಸಿಕೆ, ಯಾವುದೋ ಮಾತ್ರೆ, ಯಾವುದೋ ಪರೀಕ್ಷೆ ಇರುತ್ತದೆ. ಅದರಲ್ಲಿ ಜನರಿಗೆ ಹೇಳಲು ನಿಮಗೇ ಮುಜುಗರವಾಗುವ ಒಂದು ಸಂಗತಿಯೂ ಇದ್ದೇ ಇರುತ್ತದೆ. ಎಲ್ಲಕ್ಕಿಂತ ಮೊದಲು ಅದನ್ನೇ ಹೇಳಿ. ಅವರ ಭಾಷೆಯಲ್ಲಿ ಹೇಳಿ, ಕೂರಿಸಿಕೊಂಡು ಹೇಳಿ, ಅವರು ಮುಖ ಹಿಂಡಿಕೊಳ್ಳುವವರೆಗೆ, ಬೈಯುವವರೆಗೆ, ಇನ್ನೊಂದು ಪ್ರಶ್ನೆ ಕೇಳುವವರೆಗೆ ಕಾಯಿರಿ. ನೀವು ಅದನ್ನು ಈಗಲೇ ರೂಢಿ ಮಾಡಿಕೊಂಡರೆ ನಿಮ್ಮಿಂದ ಕಲಿತವರು, ಅವರಿಂದ ಕಲಿತವರು ದಾಟಿ ದಾಟಿ ನಮ್ಮ ಮಂಡಳಿಯ ಕುರ್ಚಿಯಲ್ಲಿ ಬೇರೆ ಥರದವರು ಯಾರಾದರೂ ಕೂತಾರು.

ಇಲ್ಲಿಗೆ ನಿಲ್ಲಿಸುತ್ತೇನೆ. ನನ್ನ ಕೋಣೆಯ ಹೊರಗೆ ಗಂಡಹೆಂಡಿರಿಬ್ಬರು ಬಂದು ಕೂತಿದ್ದಾರೆ, ಅವರಿಗೇನೋ ಕೇಳುವುದಿದೆಯಂತೆ.

ನಿಮ್ಮವಳೇ ಆದ,
ದಾಕ್ಷಾಯಣಿ ಹಂಡರಗಲ್ಲ